ಇಬ್ನು ಖಲ್ದೂನ್ ಮತ್ತು ದ್ವಾರಸಮುದ್ರ

ಸಮಾಜಶಾಸ್ತ್ರದ ಪಠ್ಯಗಳಲ್ಲಿ ಆಧುನಿಕ ಸಾಮಾಜಿಕ ಸಿದ್ಧಾಂತವು ಸಾಮಾನ್ಯವಾಗಿ ಮಾರ್ಕ್ಸ್, ಡರ್ಖೈಮ್, ವೇಬರ್ ಅವರಿಂದ ಆರಂಭವಾಗುತ್ತದೆ. ಜನಸಮೂಹವನ್ನು ಒಗ್ಗೂಡಿಸುವ ಶಕ್ತಿ ಯಾವುದೆಂದು ಡರ್ಖೈಮ್ 1893ರಲ್ಲಿ ವಿವೇಚಿಸಿದರು. ಟ್ಯುನಿಸ್‌ನಲ್ಲಿ ಜನಿಸಿದ ಇಬ್ನು ಖಲ್ದೂನ್ (1332–1406) ಅದೇ ಪ್ರಶ್ನೆಯನ್ನು 1377ರಲ್ಲಿಯೇ ‘ಮುಖದ್ದಿಮ’ದಲ್ಲಿ ಚರ್ಚಿಸಿದ್ದರು. ಅವರ ಉತ್ತರ ‘ಅಸಬಿಯ್ಯ’, ಅಂದರೆ ಸಮೂಹದ ಒಗ್ಗಟ್ಟು. ಕಠಿಣ ಬದುಕಿನಲ್ಲಿ ಬಲಗೊಳ್ಳುವ ಅದು ರಾಜ್ಯವನ್ನು ಕಟ್ಟುತ್ತದೆ. ಅರಮನೆಯ ಸುಖದಲ್ಲಿ ಸಡಿಲಗೊಳ್ಳುತ್ತದೆ. ರಾಜವಂಶದ ಆಯುಷ್ಯ ಸಾಮಾನ್ಯವಾಗಿ ಮೂರು ತಲೆಮಾರು, ಸುಮಾರು 120 ವರ್ಷ.

ಅರಸೀಕೆರೆ, ಬೇಲೂರು, ಹಳೇಬೀಡುಗಳ ನೆಲದಲ್ಲಿ ಇದನ್ನು ಪರೀಕ್ಷಿಸಬಹುದು. ಮಲೆನಾಡಿನ ಅಂಗಡಿಯಿಂದ ಬಂದ ಹೊಯ್ಸಳರು ರಾಜ್ಯ ಕಟ್ಟಿದ್ದು ಸಿದ್ಧಾಂತಕ್ಕೆ ಹೊಂದುತ್ತದೆ. ಆದರೆ 1117ರಲ್ಲಿ ಬೇಲೂರಿನ ದೇಗುಲವನ್ನು ಕಟ್ಟಿಸಿದ ವಂಶವು ಎರಡು ಶತಮಾನಗಳ ಬಳಿಕವೂ ಆಳುತ್ತಿತ್ತು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ದ್ವಾರಸಮುದ್ರಕ್ಕೆ ಬಂದ ನಂತರವೂ ಮೂರನೆಯ ಬಲ್ಲಾಳನು ಹೋರಾಟವನ್ನು ಬಿಡಲಿಲ್ಲ. ಮುಪ್ಪಿನಲ್ಲಿ, ಮಧುರೆಯ ಸುಲ್ತಾನರೊಂದಿಗಿನ ಯುದ್ಧದಲ್ಲಿ ಪ್ರಾಣ ತೆತ್ತನು.

ಕೇಳಿದ ವರದಿಯನ್ನು ಸಮಾಜದ ವಾಸ್ತವದೊಂದಿಗೆ ಒರೆಹಚ್ಚದೆ ಒಪ್ಪಬಾರದೆಂಬುದು ಇಬ್ನು ಖಲ್ದೂನರ ನಿಲುವು. ಆ ಒರೆಗಲ್ಲು ಅವರ ಸಿದ್ಧಾಂತಕ್ಕೂ ಅನ್ವಯಿಸುತ್ತದೆ. ‘ನಮ್ಮವರೇ ಮೊದಲಿಗರು’ ಎಂಬ ಹೆಮ್ಮೆಯಲ್ಲಿಯೇ ನಿಂತರೆ ಅವರ ವಿದ್ಯೆ ನಮ್ಮದಾಗದು. ಸಮಾಜಶಾಸ್ತ್ರ ಓದುವ ನಮ್ಮ ಮಕ್ಕಳು ಅವರನ್ನೂ ಡರ್ಖೈಮರನ್ನೂ ಒಂದೇ ಮೇಜಿನ ಮೇಲಿಟ್ಟು, ಇಬ್ಬರನ್ನೂ ಪ್ರಶ್ನಿಸಲು ಕಲಿಯಲಿ.