ಮುಂಬಯಿ ಶಾಸನಸಭೆಯಲ್ಲಿ ಮೊರಾರ್ಜಿ ದೇಸಾಯಿ: ಮೋಟಾರು, ಪೋಲೀಸು ಮತ್ತು ಕನ್ನಡ ಜಿಲ್ಲೆಗಳು

ಪುಣೆಯ ಕೌನ್ಸಿಲ್ ಹಾಲಿನ ಮುಂದೆ ನಿತ್ಯವೂ ಹಾದುಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಅದು ತಮ್ಮ ಹಿರಿಯರನ್ನು ಆಳಿದ ಮನೆಯೆಂಬುದು ನೆನಪಿದ್ದೀತು? ಮಳೆಗಾಲದ ಅಧಿವೇಶನವನ್ನು ಪುಣೆಯಲ್ಲಿ ಕೂಡಿಸುವುದು ಮುಂಬಯಿ ಸರಕಾರದ ವಾಡಿಕೆಯಾಗಿತ್ತು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಆ ಸರಕಾರಕ್ಕೇ ಒಳಪಟ್ಟಿದ್ದುವು. ಆದಕಾರಣ ಮುಂಬಯಿಯ ಶಾಸನಗಳ ಇತಿಹಾಸವು ಒಂದು ಪಾಲಿಗೆ ಕನ್ನಡ ನಾಡಿನ ಇತಿಹಾಸವೂ ಹೌದು. ಏಕೀಕರಣದ ಕಥೆಯನ್ನು ಹೇಳುವ ಉತ್ಸಾಹದಲ್ಲಿ ನಮ್ಮವರು ಈ ಪಾಲನ್ನು ಅಷ್ಟಾಗಿ ಗಮನಿಸಿಲ್ಲ.

ಮೊರಾರ್ಜಿ ದೇಸಾಯಿಯವರು 1946ರಿಂದ 1952ರವರೆಗೆ ಬಾಳಾಸಾಹೇಬ ಖೇರರ ಮಂತ್ರಿಮಂಡಲದಲ್ಲಿ ಗೃಹ ಹಾಗೂ ಕಂದಾಯ ಮಂತ್ರಿಗಳಾಗಿದ್ದರು. 1952ರಿಂದ 1956ರವರೆಗೆ ಮುಖ್ಯಮಂತ್ರಿಗಳಾಗಿದ್ದರು. 1918ರಿಂದ 1930ರವರೆಗೆ ಸರಕಾರಿ ಚಾಕರಿಯಲ್ಲಿದ್ದು, ಡೆಪ್ಯುಟಿ ಕಲೆಕ್ಟರರಾಗಿ ದುಡಿದು, ಅದನ್ನು ತೊರೆದು ಬಂದವರು ಅವರು. ಚಾಕರಿ ಬಿಟ್ಟರೂ ಕಲೆಕ್ಟರರ ಮನೋಧರ್ಮವು ಅವರನ್ನು ಪೂರ್ತಿಯಾಗಿ ಬಿಟ್ಟಿತೆಂದು ಹೇಳಲಾಗದು. ಆ ಅವಧಿಯ ಶಾಸನಗಳನ್ನು ಓದುವಾಗ ಈ ಮಾತು ಮತ್ತೆ ಮತ್ತೆ ನೆನಪಾಗುತ್ತದೆ.

ಮೊದಲು ಮೋಟಾರಿನ ವಿಷಯ. 1948ರ ಜೂನ್ 1ರಂದು ಸರಕಾರದ ಮೊದಲ ಎಸ್.ಟಿ. ಬಸ್ಸು ಪುಣೆಯಿಂದ ಅಹಮದನಗರಕ್ಕೆ ಹೊರಟಿತು. ಮೋಟಾರು ತುಂಬಿದ ಮೇಲೆ ಹೊರಡುವುದೇ ವೇಳಾಪಟ್ಟಿಯಾಗಿದ್ದ ಖಾಸಗಿ ಸರ್ವಿಸುಗಳ ಕಾಲದಲ್ಲಿ, ಜನರಿರಲಿ ಇಲ್ಲದಿರಲಿ ಗೊತ್ತಾದ ಗಳಿಗೆಗೆ ಹೊರಡುವ ವಾಹನವು ಸಣ್ಣ ಸಂಗತಿಯಲ್ಲ. ಮೈಸೂರು ಸಂಸ್ಥಾನವೂ ಅದೇ ವರ್ಷ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಹೀಗೆ ಎರಡು ಆಡಳಿತಗಳಲ್ಲಿದ್ದ ಕನ್ನಡಿಗರು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸರಕಾರಿ ಬಸ್ಸನ್ನು ಕಂಡರು. 1950ರ ಕೇಂದ್ರ ಕಾಯಿದೆಯು ಸಾರಿಗೆ ಕಾರ್ಪೊರೇಶನ್ನುಗಳಿಗೆ ಗಟ್ಟಿಯಾದ ಬುನಾದಿಯನ್ನು ಒದಗಿಸಿತು. ಖಾಸಗಿ ಮಾಲಿಕರ ಆಕ್ಷೇಪಗಳು ನ್ಯಾಯಾಲಯಗಳಲ್ಲಿ ಬಹುಕಾಲ ನಡೆದುವು; 1956ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿಯಾಗಿ, ಮಾರ್ಗವನ್ನು ಸರಕಾರ ವಹಿಸಿಕೊಳ್ಳುವ ಮುನ್ನ ಯೋಜನೆಯನ್ನು ಪ್ರಕಟಿಸಿ ಮಾಲಿಕರ ಅಹವಾಲನ್ನು ಕೇಳಬೇಕೆಂದು ಗೊತ್ತಾಯಿತು.

ಇನ್ನು ಪೋಲೀಸು. ಇಲ್ಲಿ ತುಸು ನಿಲ್ಲಬೇಕಾಗಿದೆ. ಹುಬ್ಬಳ್ಳಿ, ಗದಗು, ವಿಜಾಪುರಗಳಲ್ಲಿ ಬ್ರಿಟಿಷರು ‘ಅಪರಾಧಿ ಜಾತಿ’ಗಳೆಂದು ಹೆಸರಿಟ್ಟ ಜನರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಿದ್ದುವು. ಹುಟ್ಟೇ ಅಲ್ಲಿ ಆರೋಪ, ಹಾಜರಿಯೇ ದಿನಚರಿ. ಮುಂಬಯಿ ಸರಕಾರವು ಆ ಕಾಯಿದೆಯನ್ನು 1949ರ ಆಗಸ್ಟಿನಲ್ಲಿ ತನ್ನ ಪ್ರಾಂತದ ಮಟ್ಟಿಗೆ ರದ್ದುಮಾಡಿತು. ಅಖಿಲ ಭಾರತಕ್ಕೆ ಆ ಬಿಡುಗಡೆ ಬಂದುದು 1952ರ ಆಗಸ್ಟ್ 31ರಂದು. ಮೊರಾರ್ಜಿಯವರ ಗೃಹಖಾತೆಯ ಅವಧಿಯಲ್ಲಿ ಕನ್ನಡ ಜಿಲ್ಲೆಗಳಿಗೆ ದೊರೆತ ಅತ್ಯುತ್ತಮ ಲಾಭವಿದೆಂದೇ ನಮ್ಮ ಅಭಿಪ್ರಾಯ. ಪಾನನಿರೋಧದ ಗದ್ದಲದಲ್ಲಿ ಇದು ಮರೆಯಾದುದು ವಿಷಾದಕರ.

ಆದರೆ ಅದೇ ಅವಧಿಯಲ್ಲಿ, 1890ರ ಜಿಲ್ಲಾ ಪೋಲೀಸ್ ಕಾಯಿದೆಯನ್ನೂ 1902ರ ಮುಂಬಯಿ ನಗರ ಪೋಲೀಸ್ ಕಾಯಿದೆಯನ್ನೂ ಒಂದುಗೂಡಿಸಿ 1951ರ ಮುಂಬಯಿ ಪೋಲೀಸ್ ಕಾಯಿದೆಯು ಜಾರಿಗೆ ಬಂದಿತು. ಬೀದಿಯ ಸಂಚಾರವನ್ನು ನಿಯಮಿಸುವ ಅಧಿಕಾರವೂ ಇದರಲ್ಲಿಯೇ ಇದೆ. ಮನುಷ್ಯನನ್ನು ಅವನ ಊರಿನಿಂದ ಎರಡು ವರ್ಷಗಳವರೆಗೆ ಹೊರಹಾಕುವ ಗಡೀಪಾರಿನ ಅಧಿಕಾರವೂ ಇದರಲ್ಲಿಯೇ ಇದೆ. ಸಾಕ್ಷಿದಾರರು ಭಯದಿಂದ ಮುಂದೆ ಬರಲಾರರೆಂದು ಅಧಿಕಾರಿಗೆ ತೋರಿದರೆ ಈ ಕ್ರಮಕ್ಕೆ ಅವಕಾಶವುಂಟು. ಪುಂಡರ ಕೈಗೆ ಸಿಕ್ಕ ಪೇಟೆಯ ಬಡ ಅಂಗಡಿಕಾರನನ್ನು ನೆನೆದರೆ ಇದರ ಹಿಂದಿನ ಕಾರಣವು ಸುಳ್ಳೆನ್ನಲಾಗದು. ಆರೋಪಿತನು ವಕೀಲನನ್ನು ಇಟ್ಟುಕೊಳ್ಳಬಹುದು, ಸಮಾಧಾನ ಹೇಳಬಹುದು, ಸರಕಾರಕ್ಕೆ ಅಪೀಲು ಮಾಡಬಹುದು. ಆದರೆ ಅವನಿಗೆ ತಿಳಿಸಬೇಕಾದುದು ಆರೋಪದ ಸ್ಥೂಲ ಸ್ವರೂಪವನ್ನು ಮಾತ್ರ. ಯಾರು ಹೇಳಿದರು, ಯಾವ ದಿನದ ಮಾತು ಎಂಬುದು ಅವನಿಗೆ ತಿಳಿಯದೆಯೇ ಉಳಿಯಬಹುದು. ತನ್ನ ಮಾರ್ಗವನ್ನು ಕಳೆದುಕೊಳ್ಳುವ ಮೋಟಾರು ಮಾಲಿಕನಿಗೆ ಕಣ್ಣಮುಂದೆ ಯೋಜನೆಯ ಪ್ರತಿ ಇರುತ್ತದೆ. ಊರನ್ನೇ ಕಳೆದುಕೊಳ್ಳುವವನಿಗೆ ಅಷ್ಟೂ ಇಲ್ಲ. ಸುಪ್ರೀಮ್ ಕೋರ್ಟು 1956ರಲ್ಲಿ ಈ ಕಾಯಿದೆಯ ಗಡೀಪಾರಿನ 57ನೆಯ ಕಲಮನ್ನು ಎತ್ತಿಹಿಡಿಯಿತಾದರೂ ಅದು ಬಹುಮತದ ತೀರ್ಪು, ಒಮ್ಮತದ್ದಲ್ಲ.

ಜಾತಿಯ ಹೆಸರಿನಲ್ಲಿ ಹೊರಿಸಿದ ಶಂಕೆಯನ್ನು ತೆಗೆದುಹಾಕಿದ ಸರಕಾರವೇ ವ್ಯಕ್ತಿಯ ಹೆಸರಿನಲ್ಲಿ ಅದನ್ನು ಉಳಿಸಿಕೊಂಡಿತು. ಇದನ್ನು ಮೊರಾರ್ಜಿಯವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. 1902ರ ಕಾಯಿದೆಯಲ್ಲಿಯೂ ಗಡೀಪಾರು ಇದ್ದಿತು. 1956ರ ಜನವರಿಯಲ್ಲಿ ಮುಂಬಯಿಯ ಬೀದಿಗಳಲ್ಲಿ ನಡೆದ ಗೋಲೀಬಾರಿನ ಬಳಿಕ ಮರಾಠೀ ಜನತೆ ಅವರ ವಿಷಯದಲ್ಲಿ ತನ್ನ ತೀರ್ಮಾನವನ್ನು ಮಾಡಿಕೊಂಡಿತು. ಕನ್ನಡಿಗರಿಗೆ ಆ ಕಹಿಯಿಲ್ಲದಿರುವುದರಿಂದ ಅವರ ಶಾಸನಗಳನ್ನು ಶಾಂತಚಿತ್ತದಿಂದ ಓದುವ ಸೌಕರ್ಯ ನಮಗಿದೆ.

ವಿಲೀನದ ಬಳಿಕ ಮುಂಬಯಿ ಕರ್ನಾಟಕದ ಬಸ್ಸುಗಳು ಮೈಸೂರಿನ ಇಲಾಖೆಗೂ, 1961ರಿಂದ ಕಾರ್ಪೊರೇಶನ್ನಿಗೂ ಸೇರಿ, 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ವಾಯವ್ಯ ಸಂಸ್ಥೆಯಾಗಿ ಬೇರೆಯಾದುವು. ಪೋಲೀಸ್ ಕಾಯಿದೆಯ ಜಾಗಕ್ಕೆ 1963ರ ಕರ್ನಾಟಕದ ಕಾಯಿದೆ ಬಂದಿತು. ಅದರ 54, 55, 56ನೆಯ ಕಲಮುಗಳನ್ನು ಮುಂಬಯಿಯ 55, 56, 57ರ ಪಕ್ಕದಲ್ಲಿಟ್ಟು ಓದಿದರೆ, ಬದಲಾದುದು ಬಹುಮಟ್ಟಿಗೆ ಸಂಖ್ಯೆ ಮಾತ್ರ.