ಕಲ್ಯಾಣದ ಕೆರೆಯಂಚಿನ ಹುಲ್ಲು

ಬಸವಕಲ್ಯಾಣಕ್ಕೆ ಬಂದವರು ಕೋಟೆ ನೋಡುತ್ತಾರೆ, ಅನುಭವ ಮಂಟಪ ನೋಡುತ್ತಾರೆ. ತ್ರಿಪುರಾಂತ ಕೆರೆಯ ದಂಡೆಗೆ ಬಂದರೆ, ಕೆಸರಲ್ಲಿ ನೋಡೋದೇನಿದೆ ಅಂತ ಮುಂದೆ ಹೋಗುತ್ತಾರೆ. ಆದರೆ ಕಲ್ಯಾಣದ ಚರಿತ್ರೆಯಲ್ಲಿ ಕೆರೆಯಂಚಿನ ಕೆಸರಿಗೂ ಒಂದು ಜಾಗ ಇದೆ.

ಮೊದಲು ನಮ್ಮ ನೆಲದ ಮಾತು. ಬೀದರ್ ಕಡೆಯ ಈ ಎತ್ತರದ ಭೂಮಿಯಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಗಟ್ಟಿ ಕಪ್ಪು ಕಲ್ಲು. ಮಳೆನೀರು ಕೆಂಪು ಕಲ್ಲಲ್ಲಿ ಇಂಗಿ, ಕಪ್ಪು ಕಲ್ಲಿಗೆ ತಡೆದು, ತಗ್ಗಿನಲ್ಲಿ ಝರಿಯಾಗಿ ಹೊರಬರುತ್ತದೆ. ಬೀದರಿನ ಝರಣಿ ನರಸಿಂಹ, ನಾನಕ್ ಝೀರಾ ಕಂಡವರಿಗೆ ಇದು ಗೊತ್ತು. 11ನೇ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. ಪಕ್ಕದಲ್ಲಿ ದೊಡ್ಡ ನದಿ ಇಲ್ಲದ ಊರು ಅದು. ಕೆರೆ, ಬಾವಿಗಳೇ ಅದಕ್ಕೆ ಜೀವ. ಹುಮನಾಬಾದ್ ತಾಲ್ಲೂಕಿನಲ್ಲಿ, ಚಾಲುಕ್ಯರ ಕಾಲದ ಗುಡಿ ಇರುವ ಜಲಸಂಗಿಯ ಹೆಸರಲ್ಲೇ ನೀರಿದೆ.

ಕೆರೆ ಇದ್ದಲ್ಲಿ ಜೌಗು, ಜೌಗಿದ್ದಲ್ಲಿ ಹುಲ್ಲು. 12ನೇ ಶತಮಾನದಲ್ಲಿ ಆ ಹುಲ್ಲನ್ನೇ ನಂಬಿ ಬದುಕಿದವರು ಶರಣ ನುಲಿಯ ಚಂದಯ್ಯ. ನೀರಂಚಿನ ಹೊಡಕೆಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದರು. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿತ್ತು. ಚಂದಯ್ಯ ಕೆಲಸ ನಿಲ್ಲಿಸಲಿಲ್ಲ. ಲಿಂಗವೇ ಬೆನ್ನು ಹತ್ತಿ ಬಂದು ನನ್ನನ್ನು ಕಟ್ಟಿಕೋ ಎಂದರೂ ಒಪ್ಪಲಿಲ್ಲವಂತೆ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ಒಪ್ಪಿಸಬೇಕಾಯಿತು. ಕಾಯಕದ ಮುಂದೆ ಲಿಂಗವೂ ಕಾಯಬೇಕು ಎಂಬ ಈ ಕತೆ ನಡೆದದ್ದು ಅರಮನೆಯಲ್ಲಲ್ಲ, ಮೊಣಕಾಲುದ್ದ ನೀರಲ್ಲಿ.

ಕಲ್ಯಾಣ ಕ್ರಾಂತಿಯ ನಂತರ ಶರಣರು ಚದುರಿದರು. ಚಂದಯ್ಯನವರ ಗದ್ದುಗೆ ಇರುವುದು ದೂರದ ಚಿತ್ರದುರ್ಗ ಜಿಲ್ಲೆಯ ನುಲೇನೂರಿನಲ್ಲಿ. ಅವರ ಹೆಸರಿನ ಗವಿ ಮಾತ್ರ ಇವತ್ತಿಗೂ ಬಸವಕಲ್ಯಾಣದಲ್ಲಿದೆ.

ಅವರಿಗೆ ಅನ್ನ ಕೊಟ್ಟಂಥ ಒದ್ದೆ ನೆಲವನ್ನು ಈಗ ನಾವು ಖರಾಬು ಅಂತೀವಿ. ನಾಲ್ಕು ಟ್ರ್ಯಾಕ್ಟರ್ ಮಣ್ಣು ಸುರಿದರೆ ಪ್ಲಾಟ್ ಆಗುತ್ತೆ ಅಂತ ಲೆಕ್ಕ ಹಾಕ್ತೀವಿ. ಆದರೆ ಹರಿದು ಬರುವ ಹೂಳನ್ನು ತಡೆಯುವುದು ಅದೇ ಜೌಗು, ಅದೇ ಹುಲ್ಲು. ಕೆರೆ ತುಂಬಿದರೆ ತಾನೆ ಸುತ್ತಲಿನ ಬಾವಿಗೆ ನೀರು?

ನೂಲಹುಣ್ಣಿಮೆಗೆ ಚಂದಯ್ಯನವರ ಜಯಂತಿ. ಈ ಸಲ ಫೋಟೊಕ್ಕೆ ಹಾರ ಹಾಕಿದ ಮೇಲೆ ಊರ ಹಿರಿಯರನ್ನು ಕರೆದುಕೊಂಡು ನಿಮ್ಮೂರ ಕೆರೆಯಂಚಿಗೆ ಹೋಗಿ ಬನ್ನಿ. ಮೊದಲು ನೀರು ಎಲ್ಲಿವರೆಗೆ ನಿಲ್ಲುತ್ತಿತ್ತು ಅಂತ ಕೇಳಿ, ಬರೆದಿಡಿ.