ಅರ್ಧ ಇಂಚಿನ ಚರಿತ್ರೆ

ಕಳೆದ ವರ್ಷ ಅಣ್ಣನ ಮಗನ ನಿಕಾಹ್‌ಗೆಂದು ನಮ್ಮ ಮಗಳು ಧಾರವಾಡದ ಹಾಸ್ಟೆಲಿನಿಂದ ಗೆಳತಿಯೊಬ್ಬಳನ್ನು ಹುಬ್ಬಳ್ಳಿಯ ಮನೆಗೆ ಕರೆತಂದಿದ್ದಳು. ಹಳಿಯಾಳ ತಾಲೂಕಿನ ಸಿದ್ದಿ ಮುಸ್ಲಿಮರ ಹುಡುಗಿ. ಮದುವೆಯ ಹಿಂದಿನ ದಿನ ಇಬ್ಬರೂ ಸೇರಿ ಬ್ಯೂಟಿ ಪಾರ್ಲರಿಗೆ ಹೋದರು. ತಿರುಗಿ ಬರುವಾಗ ಮಗಳ ಮುಖ ಅರಳಿತ್ತು. ಗೆಳತಿ ಮಾತ್ರ ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕುಳಿತುಬಿಟ್ಟಳು. ನಮ್ಮ ಮನೆಯವರು ಕೇಳಿದ್ದಕ್ಕೆ, "ತುದಿ ಅಷ್ಟ ತೆಗೀರಿ ಅಂದಿದ್ದೆ ಖಾಲಾ, ಅರ್ಧ ಇಂಚು. ಎಲ್ಲಾ ಹೋತು" ಎಂದಳು.

ಪಾರ್ಲರಿನಾಕೆಗೆ ಕೆಟ್ಟ ಬುದ್ಧಿ ಇರಲಿಲ್ಲ. ನಮ್ಮ ಮಗಳ ಕೂದಲಿಗೆ ಮಾಡಿದಂತೆಯೇ ಇವಳ ಕೂದಲನ್ನೂ ನೆನೆಸಿ, ಬಾಚಣಿಗೆಯಿಂದ ಜಗ್ಗಿ ಹಿಡಿದು, ಗೆರೆ ಎಳೆದಂತೆ ಕತ್ತರಿಸಿದ್ದಳು. ಒದ್ದೆಯಿದ್ದಾಗ ಭುಜದ ಮೇಲಿದ್ದ ಕೂದಲು ಒಣಗುತ್ತ ಒಣಗುತ್ತ ಸುರುಳಿ ಸುತ್ತಿ ಕಿವಿಯ ಮೇಲಕ್ಕೆ ಹೋಗಿ ನಿಂತಿತು. ಹುಡುಗಿ ಅಳುಮೋರೆ ಮಾಡಿದಾಗ ಆಕೆ ಹೇಳಿದ್ದು ಒಂದೇ ಮಾತು: "ಎಲ್ಲರಿಗೂ ಹೀಂಗ ಕತ್ತರಿಸೋದು." ಈ 'ಎಲ್ಲರಿಗೂ' ಎಂಬ ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಆ ಎಲ್ಲರಲ್ಲಿ ಈ ಹುಡುಗಿ ಏಕೆ ಇರಲಿಲ್ಲ? ಹುಡುಕುತ್ತ ಹೋದಾಗ, ಈ ಅರ್ಧ ಇಂಚಿನ ಜಗಳಕ್ಕೆ ಅಮೆರಿಕದ ಕರಿಯರ ನಡುವೆ ಬಹಳ ಉದ್ದನೆಯ ಚರಿತ್ರೆಯಿರುವುದು ಕಂಡಿತು.

ಮೊದಲು ಕೂದಲಿನ ವಿಷಯ. ನೇರ ಕೂದಲಿನ ಎಳೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಬಿಗಿ ಗುಂಗುರಿನ ಎಳೆ ಚಪ್ಪಟೆ, ಅದು ಹುಟ್ಟುವ ಕುಳಿಯೂ ಡೊಂಕು. ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ, ಸುರುಳಿಯ ತಿರುವುಗಳನ್ನು ದಾಟಿ ತುದಿ ಮುಟ್ಟುವುದಿಲ್ಲ. ಹಾಗಾಗಿ ತುದಿ ಒಣಗುತ್ತದೆ, ಸೀಳುತ್ತದೆ, ತನ್ನಷ್ಟಕ್ಕೇ ಗಂಟು ಹಾಕಿಕೊಳ್ಳುತ್ತದೆ. ಸೀಳು ಮೇಲಕ್ಕೆ ಹಬ್ಬುವ ಮೊದಲು ಆ ತುದಿಯಷ್ಟನ್ನು ಸವರಿ ತೆಗೆಯುವುದು ಟ್ರಿಮ್. ಅದು ಉದ್ದವನ್ನು ಉಳಿಸಿಕೊಳ್ಳುವ ಉಪಾಯ. ಉದ್ದ ಅಥವಾ ಆಕಾರವನ್ನೇ ಬದಲಿಸುವುದು ಕಟಿಂಗ್. ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ ಎಂಬುದು ನಮ್ಮ ದಾದಿ-ನಾನಿಯರ ನಂಬಿಕೆ ಅಷ್ಟೇ. ಕೂದಲು ಬೆಳೆಯುವುದು ಬುಡದಲ್ಲಿ, ಅದೂ ತಿಂಗಳಿಗೆ ಸುಮಾರು ಅರ್ಧ ಇಂಚು. ನಾಲ್ಕು ಇಂಚು ಕತ್ತರಿಸಿದರೆ ಎಂಟು ತಿಂಗಳು ಹೋದಂತೆ. ಬಿಗಿ ಗುಂಗುರಿನ ಕೂದಲು ಒಣಗಿದಾಗ ಎಳೆದಾಗಿನ ಉದ್ದದ ಅರ್ಧಕ್ಕಿಂತ ಕಡಿಮೆಗೂ ಇಳಿಯಬಹುದು. ಅದಕ್ಕೇ ಬಲ್ಲವರಲ್ಲಿ ಬಹಳ ಮಂದಿ ಅದನ್ನು ಒಣಗಿದಾಗಲೇ, ಅದು ತಾನಾಗಿ ನಿಲ್ಲುವ ರೀತಿಯಲ್ಲೇ ಬಿಟ್ಟು, ಒಂದೊಂದೇ ಸುರುಳಿ ಹಿಡಿದು ಸವರುತ್ತಾರೆ. ಇದು ಕೈಗೆ ಕಲಿಸಬೇಕಾದ ವಿದ್ಯೆ.

ಮೊಟಕು ಮಾಡುವುದಕ್ಕೂ ತೆಗೆದುಹಾಕುವುದಕ್ಕೂ ಇರುವ ಅಂತರ ಮುಸ್ಲಿಮರಿಗೆ ಹೊಸದಲ್ಲ. ಹಜ್ ಯಾತ್ರೆಯ ಕೊನೆಗೆ ಗಂಡಸರು ತಲೆ ಬೋಳಿಸಿಕೊಂಡರೆ ಹಲ್ಕ್, ಮೊಟಕು ಮಾಡಿಸಿದರೆ ತಕ್ಸೀರ್. ಹೆಂಗಸರಿಗೆ ಬೆರಳ ತುದಿಯಷ್ಟು ಕತ್ತರಿಸಿದರೆ ಸಾಕು. ಅಲ್ಲಿ ಮನುಷ್ಯ ತನ್ನ ಕೂದಲನ್ನು ತಾನೇ ಕೊಡುತ್ತಾನೆ. ನಾವು ಹೇಳಹೊರಟಿರುವುದು, ಕೇಳದೆಯೇ ಕಿತ್ತುಕೊಂಡವರ ಎದುರಿನ ಕಥೆ.

ಪಶ್ಚಿಮ ಆಫ್ರಿಕಾದ ಅನೇಕ ಜನಾಂಗಗಳಲ್ಲಿ ಹೆಣಿಗೆಯ ಮಾದರಿ ನೋಡಿಯೇ ಇವರು ಯಾವ ಕುಲ, ಮದುವೆಯಾಗಿದೆಯೆ, ಎಷ್ಟು ದೊಡ್ಡವರು ಎಂದು ಹೇಳಬಹುದಿತ್ತು. ಗುಲಾಮರನ್ನಾಗಿ ಹಿಡಿದವರ ತಲೆಯನ್ನು ಹಡಗು ಹತ್ತಿಸುವ ಮುನ್ನ ಬೋಳಿಸುವುದು ರೂಢಿಯಾಗಿತ್ತು. ಶುಚಿತ್ವದ ನೆಪವಿತ್ತು. ಊರು, ಮನೆತನ ಎಲ್ಲವೂ ಆ ಕೂದಲಿನ ಜೊತೆಗೇ ಹೋದವು. ಮುಂದೆ 1786ರಲ್ಲಿ ಸ್ಪೇನ್ ಆಳ್ವಿಕೆಯ ಲೂಯಿಸಿಯಾನಾದಲ್ಲಿ ಗವರ್ನರ್ ಎಸ್ತೆಬಾನ್ ಮಿರೋ ಒಂದು ಫರ್ಮಾನು ಹೊರಡಿಸಿದ: ಸ್ವತಂತ್ರರಾದ ಕರಿಯ ಹೆಂಗಸರೂ ತಲೆಗೆ ಬಟ್ಟೆ ಕಟ್ಟಿಕೊಂಡೇ ತಿರುಗಬೇಕು. ನ್ಯೂ ಆರ್ಲಿಯನ್ಸಿನಲ್ಲಿ ಅವರ ಕೇಶಾಲಂಕಾರ ಬಿಳಿಯರ ಕಣ್ಣು ಕುಕ್ಕುತ್ತಿತ್ತಂತೆ. ಆ ಹೆಂಗಸರೂ ಕಡಿಮೆಯವರಲ್ಲ. ಬಣ್ಣಬಣ್ಣದ ಬಟ್ಟೆ ತಂದು, ಎತ್ತರಕ್ಕೆ ಸುತ್ತಿ, ಆಭರಣ ಸಿಕ್ಕಿಸಿ, ಶಿಕ್ಷೆಯನ್ನೇ ಶೋಕಿ ಮಾಡಿಬಿಟ್ಟರು.

ನಮಗೆ ಅತ್ಯಂತ ಸೋಜಿಗವೆನಿಸಿದ್ದು ಕ್ಷೌರಿಕರ ಕಥೆ. ನಮ್ಮ ಬಾಲ್ಯದಲ್ಲಿ ಮನೆಗೆ ಬರುತ್ತಿದ್ದ ಕ್ಷೌರಿಕರನ್ನು ಹಿರಿಯರು 'ಖಲೀಫಾ' ಎಂದೇ ಕರೆಯುತ್ತಿದ್ದರು. ಉರ್ದುವಿನಲ್ಲಿ ಕ್ಷೌರಿಕನಿಗೂ ದರ್ಜಿಗೂ ಬಾಣಸಿಗನಿಗೂ ಈ ಬಿರುದಿದೆ. ಅಬ್ಬಾ ಕಣ್ಣು ಮುಚ್ಚಿ ಗಂಟಲೊಡ್ಡಿ ಕೂರುತ್ತಿದ್ದರು; ಖಲೀಫಾರ ಕೈಯಲ್ಲಿ ಕತ್ತಿ. ಇಡೀ ಮೊಹಲ್ಲಾದ ಗುಟ್ಟು ಅವರಿಗೆ ಗೊತ್ತಿತ್ತು. ಹಾಗೆಂದು ಅವರ ಮನೆಗೆ ಹೆಣ್ಣು ಕೊಡುವ ಮಾತು ಬಂದಿದ್ದರೆ ಇದೇ ಹಿರಿಯರು ಏನೆನ್ನುತ್ತಿದ್ದರೆಂಬುದು ನಮಗೆ ಗೊತ್ತು. ಗಂಟಲು ಒಪ್ಪಿಸಬಹುದು, ಮಗಳನ್ನಲ್ಲ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲೂ ಹೀಗೆಯೇ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯ ಸಾಹುಕಾರರ ಗಡ್ಡ ಹೆರೆಯುತ್ತಿದ್ದವರು ಬಹುಪಾಲು ಕರಿಯರು. ಮಿಸಿಸಿಪ್ಪಿಯ ನ್ಯಾಚೆಜ್ ಊರಿನ ವಿಲಿಯಂ ಜಾನ್ಸನ್ ಎಂಬ ಕ್ಷೌರಿಕ ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದವನು. 1835ರಿಂದ 1851ರಲ್ಲಿ ಕೊಲೆಯಾಗುವವರೆಗೂ ದಿನಚರಿ ಬರೆದ. ಊರಿನ ಸಾಲ, ಜಗಳ, ಜೂಜು ಎಲ್ಲವೂ ಅದರಲ್ಲಿದೆ. ಈತ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದನೆಂಬುದನ್ನೂ ಹೇಳದೆ ಬಿಡುವಂತಿಲ್ಲ. ಚರಿತ್ರೆ ನಮಗೆ ಬೇಕಾದ ಹಾಗೆ ಇರುವುದಿಲ್ಲ. 1858ರಲ್ಲಿ ಗುಲಾಮನಾಗಿ ಹುಟ್ಟಿದ ಅಲೊಂಝೊ ಹರ್ನ್‌ಡನ್ ಅಟ್ಲಾಂಟಾದಲ್ಲಿ ದೀಪಗುಚ್ಛ, ಅಮೃತಶಿಲೆಗಳ ವೈಭವದ ಕ್ಷೌರದಂಗಡಿ ನಡೆಸಿದ, 1905ರಲ್ಲಿ ಕರಿಯರಿಗಾಗಿ ವಿಮಾ ಸಂಸ್ಥೆ ಕಟ್ಟಿದ. ಆದರೆ ಆ ಅಂಗಡಿಯ ಕುರ್ಚಿಯಲ್ಲಿ ಕರಿಯ ಗಿರಾಕಿ ಕೂರುವಂತಿರಲಿಲ್ಲ. ಕೂತರೆ ಬಿಳಿಯರು ಬರುತ್ತಿರಲಿಲ್ಲ. ತನ್ನಂಥವನ ತಲೆಗೆ ಕೈ ಹಾಕದೆ ಪರರ ತಲೆಯ ಮೇಲೆ ಪಳಗಿದ ಕೈ ಅದು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಕರಿಯ ಕ್ಷೌರಿಕನಿಗೆ ಬಿಳಿಯರ ನೇರ ಕೂದಲು ಅಂಗೈಯಷ್ಟು ಪರಿಚಿತ. ಬಿಳಿಯ ಕ್ಷೌರಿಕನಿಗೆ ಗುಂಗುರು ಕೂದಲು ಕಲಿಯುವ ಜರೂರತ್ತೇ ಇರಲಿಲ್ಲ. ವಿದ್ಯೆ ಒಂದೇ ದಿಕ್ಕಿಗೆ ಹರಿಯಿತು. ಮಿನೆಸೋಟಾ ರಾಜ್ಯ 1897ರಲ್ಲಿ ಕ್ಷೌರಕ್ಕೆ ಪರವಾನಗಿ ಬೇಕೆಂದು ಕಾನೂನು ಮಾಡಿತು. ಮಿಕ್ಕ ರಾಜ್ಯಗಳು ಹಿಂದೆಯೇ ಬಂದವು. ಮುಂದೆ ಕೇಶಾಲಂಕಾರದ ತರಬೇತಿ ಶಾಲೆಗಳು ಬೆಳೆದಾಗ ಅಭ್ಯಾಸದ ಗೊಂಬೆಯ ತಲೆಗೆ ಅಂಟಿಸಿದ್ದು ಹೆಚ್ಚಾಗಿ ನೇರ ಕೂದಲು. ನಮ್ಮ ಪಾರ್ಲರಿನಾಕೆಯ 'ಎಲ್ಲರಿಗೂ' ಹುಟ್ಟಿದ್ದು ಇಂಥ ಕಡೆಯಲ್ಲೇ ಇರಬೇಕು.

ಕರಿಯ ಹೆಂಗಸರು ತಮ್ಮ ದಾರಿ ತಾವೇ ಕಂಡುಕೊಂಡರು. 1867ರಲ್ಲಿ ಲೂಯಿಸಿಯಾನಾದಲ್ಲಿ ಹುಟ್ಟಿದ ಸಾರಾ ಬ್ರೀಡ್‌ಲವ್, ಏಳರ ವಯಸ್ಸಿಗೆ ಅನಾಥೆ, ಬಟ್ಟೆ ಒಗೆದು ಬದುಕಿದವಳು. ತನ್ನದೇ ಕೂದಲು ಉದುರತೊಡಗಿದಾಗ ಮದ್ದು ಹುಡುಕಿ, ಮೇಡಂ ಸಿ.ಜೆ. ವಾಕರ್ ಎಂಬ ಹೆಸರಿನಲ್ಲಿ 1906ರ ಹೊತ್ತಿಗೆ ವ್ಯಾಪಾರ ಶುರುಮಾಡಿದಳು. ಅದೇ ದಾರಿಯಲ್ಲಿ ಆಕೆಗಿಂತ ಮುಂಚೆ ನಡೆದವಳು ಆನಿ ಮ್ಯಾಲೋನ್. ವಾಕರ್ ಮೊದಲು ಮಾರಿದ್ದೂ ಆಕೆಯ ಸರಕನ್ನೇ. ಇವರಿಬ್ಬರಿಂದ ಸಾವಿರಾರು ಹೆಂಗಸರು ಕೆಲಸ ಕಲಿತರು. ಕಾಯಿಸಿದ ಬಾಚಣಿಗೆಯಿಂದ ಗುಂಗುರನ್ನು ನೇರ ಮಾಡಿ ಬಿಳಿಯರ ಅಚ್ಚಿಗೆ ಒಗ್ಗಿಸಿದರೆಂಬ ಆಕ್ಷೇಪ ಇವರ ಮೇಲಿದೆ. ಆಕ್ಷೇಪ ಸುಳ್ಳಲ್ಲ. ಆದರೆ ಬಿಳಿಯರ ಮನೆಯ ಬಟ್ಟೆ ಒಗೆಯುವುದನ್ನು ಬಿಟ್ಟು ಒಬ್ಬ ಹೆಣ್ಣು ತನ್ನ ಸ್ವಂತ ಕುರ್ಚಿಯ ಹಿಂದೆ ನಿಂತದ್ದನ್ನು ನಾವು ಆ ಆಕ್ಷೇಪಕ್ಕಿಂತ ಹಗುರವಾಗಿ ತೂಗಲಾರೆವು.

ಆ ಕುರ್ಚಿಯ ಬೆಲೆ ಏನೆಂದು ತಿಳಿದದ್ದು ದಕ್ಷಿಣ ಕೆರೋಲಿನಾದಲ್ಲಿ. ಅಲ್ಲಿ ಮತದಾರರ ಪಟ್ಟಿಗೆ ಸೇರಬೇಕಾದರೆ ಓದು ಬರಹದ ಪರೀಕ್ಷೆ ಕೊಡಬೇಕಿತ್ತು. ಕರಿಯರನ್ನು ಹೊರಗಿಡುವ ಜರಡಿ ಅದು. ಸೆಪ್ಟಿಮಾ ಕ್ಲಾರ್ಕ್ ಎಂಬ ಶಿಕ್ಷಕಿ 1916ರಿಂದ ಪಾಠ ಹೇಳುತ್ತ ಬಂದವರು. ಎನ್‌ಎಎಸಿಪಿ ಎಂಬ ಕರಿಯರ ಹಕ್ಕುಗಳ ಸಂಘಟನೆಯ ಸದಸ್ಯರು ಸರ್ಕಾರಿ ನೌಕರಿಯಲ್ಲಿ ಇರಕೂಡದೆಂದು 1956ರಲ್ಲಿ ಆ ರಾಜ್ಯ ಕಾನೂನು ತಂದಾಗ, ಸದಸ್ಯತ್ವ ಬಿಡಲು ಒಪ್ಪದೆ ಕೆಲಸವನ್ನೂ ಪಿಂಚಣಿಯನ್ನೂ ಕಳೆದುಕೊಂಡರು. ಮರುವರ್ಷ ಜನವರಿಯಲ್ಲಿ ಜಾನ್ಸ್ ಐಲ್ಯಾಂಡ್ ಎಂಬ ದ್ವೀಪದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಶಾಲೆ ತೆರೆಯಿತು. ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಗುಟ್ಟಾಗಿ ತರಗತಿ. ಪಾಠ ಹೇಳಲು ಕ್ಲಾರ್ಕ್ ಆರಿಸಿದ್ದು ಯಾರನ್ನು? ತಮ್ಮ ಸಂಬಂಧಿ ಬರ್ನೀಸ್ ರಾಬಿನ್‌ಸನ್ ಅವರನ್ನು. ಚಾರ್ಲ್‌ಸ್ಟನ್ ನಗರದಲ್ಲಿ ಹೆಂಗಸರ ಕೂದಲು ತೀಡುವ ಕಸುಬಿನವರು, ಶಿಕ್ಷಕಿಯಾಗಿ ಅನುಭವವೇ ಇಲ್ಲದವರು. ಮೊದಲ ತರಗತಿಗೆ ಬಂದವರು 14 ಜನ. ಈ ನಾಗರಿಕ ಶಾಲೆಗಳು ಮುಂದೆ ದಕ್ಷಿಣದುದ್ದಕ್ಕೂ ಹಬ್ಬಿದವು.

ಕೇಶಾಲಂಕಾರದವಳೇ ಏಕೆ? ಶಿಕ್ಷಕಿಯ ಸಂಬಳ ಸರ್ಕಾರದ ಕೈಯಲ್ಲಿ, ಮನೆಗೆಲಸದವಳ ಕೂಲಿ ಬಿಳಿಯ ಯಜಮಾನಿಯ ಕೈಯಲ್ಲಿ. ಇವಳ ಗಿರಾಕಿಗಳೆಲ್ಲ ಕರಿಯರೇ ಆದ್ದರಿಂದ ಇವಳನ್ನು ಕೆಲಸದಿಂದ ತೆಗೆಯುವವರು ಯಾರೂ ಇರಲಿಲ್ಲ. ಮೇಲಾಗಿ ಜನ ಇವಳ ಮುಂದೆ ಬಾಯಿ ಬಿಡುತ್ತಿದ್ದರು. ಅಕ್ಷರ ಬಾರದ ನಾಚಿಕೆಯನ್ನು ಮುದುಕರು ಮೇಷ್ಟರ ಮುಂದೆ ಹೇಳಿಕೊಳ್ಳುವುದು ಕಷ್ಟ. ನೆತ್ತಿಯ ಹುಣ್ಣು ನೋಡಿದವಳ ಮುಂದೆ ಮುಚ್ಚುವುದೇನಿದೆ?

ಗಂಡಸರ ಕಡೆಯ ಕಥೆ ನಮ್ಮ ಓದುಗರಿಗೆ ಮಾಲ್ಕಂ ಎಕ್ಸ್ ಮೂಲಕ ಗೊತ್ತಿದ್ದೀತು. 1965ರಲ್ಲಿ ಬಂದ ಅವರ ಆತ್ಮಕತೆಯಲ್ಲಿ, ಹರೆಯದಲ್ಲಿ ಗೆಳೆಯನೊಬ್ಬ ಸುಡುವ ಕ್ಷಾರ ಹಚ್ಚಿ ತಮ್ಮ ಕೂದಲನ್ನು ನೇರ ಮಾಡಿದ್ದನ್ನು ಬರೆದಿದ್ದಾರೆ. ಅದರ ಹೆಸರು ಕಾಂಕ್. ಅಂದು ಉಬ್ಬಿ ಹೋಗಿದ್ದ ಆ ತಲೆಯನ್ನು ನೆನೆದು ನಂತರ ಅವರಿಗಾದ ನಾಚಿಕೆ, ಆ ಪುಸ್ತಕದ ಮರೆಯಲಾಗದ ಪುಟಗಳಲ್ಲೊಂದು. ಆ ದಶಕದಲ್ಲೇ ಯುವಕರು ಕೂದಲನ್ನು ಇದ್ದಂತೆ ಬಿಟ್ಟು ಆಫ್ರೋ ಬೆಳೆಸಿದರು. ಅದು ಕತ್ತರಿಯನ್ನು ತೊರೆದಂತೆ ಕಂಡರೂ ನಿಜ ಬೇರೆ. ದುಂಡಗೆ ನಿಲ್ಲಬೇಕಾದರೆ ಪದೇ ಪದೇ ಸವರುವ ಕೈ ಬೇಕೇ ಬೇಕು.

ನ್ಯಾಯಾಲಯದ ಮೆಟ್ಟಿಲನ್ನೂ ಕೂದಲು ಹತ್ತಿತು. ವಿಮಾನ ಸಂಸ್ಥೆಯ ಕರಿಯ ಉದ್ಯೋಗಿಯೊಬ್ಬರು ಬುಡಕ್ಕಂಟಿದ ಸಾಲು ಹೆಣಿಗೆ ಹಾಕಿ ಬರಲು ಅನುಮತಿ ಕೋರಿದಾಗ, ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1981ರಲ್ಲಿ ಸಂಸ್ಥೆಯ ಪರ ನಿಂತಿತು: ಹೆಣಿಗೆ ಹುಟ್ಟಿನಿಂದ ಬಂದದ್ದಲ್ಲ, ಬದಲಿಸಬಹುದಾದದ್ದು. 2018ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗನೊಬ್ಬನಿಗೆ ಕುಸ್ತಿಯ ರೆಫರಿ, ಜಡೆ ಕತ್ತರಿಸು, ಇಲ್ಲವೇ ಸೋಲು ಒಪ್ಪಿಕೋ ಎಂದ. ಅಖಾಡದ ಅಂಚಿನಲ್ಲೇ ಕತ್ತರಿ ಆಡಿತು. ಹುಡುಗ ಗೆದ್ದ. ಗೆದ್ದವನ ಮುಖದಲ್ಲಿ ಗೆಲುವಿರಲಿಲ್ಲ. ಆ ದೃಶ್ಯವನ್ನು ಜಗತ್ತೇ ನೋಡಿತು. ಮುಂದಿನ ಜುಲೈಯಲ್ಲಿ ಕ್ಯಾಲಿಫೋರ್ನಿಯಾ, ಕೂದಲಿನ ಕಾರಣಕ್ಕೆ ಶಾಲೆ ಮತ್ತು ಕೆಲಸದಲ್ಲಿ ಭೇದ ಮಾಡಬಾರದೆಂದು 'ಕ್ರೌನ್' ಕಾನೂನು ತಂದಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದಿವೆ.

ಆದರೆ ಕೂದಲು ಬಿಡುವ ಹಕ್ಕು ಬಂದ ಮಾತ್ರಕ್ಕೆ ಅದನ್ನು ಸವರಬಲ್ಲ ಕೈ ಬರುವುದಿಲ್ಲ. 2021ರ ನವೆಂಬರಿನಲ್ಲಿ ಲೂಯಿಸಿಯಾನಾದ ಮಂಡಳಿ ಪರವಾನಗಿಯ ಪರೀಕ್ಷೆಯಲ್ಲೇ ಗುಂಗುರು ಕೂದಲು ಕತ್ತರಿಸುವುದನ್ನು ಸೇರಿಸಲು ತೀರ್ಮಾನಿಸಿತು. ಅದೇ ಲೂಯಿಸಿಯಾನಾ, ತಲೆಗೆ ಬಟ್ಟೆ ಕಟ್ಟಿಸಿದ ನಾಡು! 235 ವರ್ಷ ಹಿಡಿಯಿತು. 2023ರಲ್ಲಿ ನ್ಯೂಯಾರ್ಕ್ ಕೂಡ ಎಲ್ಲ ಬಗೆಯ ಕೂದಲಿನ ಪಾಠ ಕಡ್ಡಾಯವೆಂದು ಕಾನೂನು ಮಾಡಿತು.

ಇತ್ತ ನಮ್ಮ ನಾಡು. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರು. ಓಡಿ ಬಂದು ಘಟ್ಟದಲ್ಲಿ ನೆಲೆಸಿದವರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಬಸ್ಸಿನಲ್ಲಿ ಅವರ ಮಕ್ಕಳನ್ನು ಯಾವ ದೇಶದವರೆಂದು ಕೇಳುವವರು ಈಗಲೂ ಇದ್ದಾರೆ. ಅಚ್ಚಗನ್ನಡದಲ್ಲಿ ಉತ್ತರ ಬಂದಾಗ ಪೆಚ್ಚಾಗುತ್ತಾರೆ. ಅಮೆರಿಕವನ್ನು ಬೈದು ಸುಮ್ಮನಾಗುವ ಹಾಗೂ ಇಲ್ಲ. ದಲಿತರ ಕೂದಲು ಕತ್ತರಿಸಲು ಒಪ್ಪದ ಅಂಗಡಿಗಳ ಸುದ್ದಿ ಈ ಶತಮಾನದಲ್ಲೂ ನಮ್ಮ ಪತ್ರಿಕೆಗಳಲ್ಲಿ ಬಂದಿದೆ. ಹಾಗೆ ಕತ್ತರಿಸಿದ ಕ್ಷೌರಿಕನಿಗೇ ಬಹಿಷ್ಕಾರ ಹಾಕಿದ ಸುದ್ದಿಯೂ ಬಂದಿದೆ.

ನಿಕಾಹ್‌ನ ದಿನ ಆ ಹುಡುಗಿ ದುಪಟ್ಟಾ ಸರಿಸಲಿಲ್ಲ. ಮೊನ್ನೆ ಮಗಳ ಜೊತೆ ಮತ್ತೆ ಬಂದಿದ್ದಳು. ಕೂದಲು ಕಿವಿ ದಾಟಿ ಕೆಳಗಿಳಿದಿತ್ತು. ಈಗ ಎಲ್ಲಿ ಕತ್ತರಿಸುತ್ತೀಯಮ್ಮಾ ಎಂದು ನಮ್ಮ ಮನೆಯವರು ಕೇಳಿದರು. ರಜೆಗೆ ಊರಿಗೆ ಹೋದಾಗ ಅವಳ ಫುಫೂ ಜಗುಲಿಯ ಮೇಲೆ ಬೆಳಕಿಗೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಒಂದೊಂದೇ ಎಳೆಯ ಗಂಟು ನೋಡಿ ತೆಗೆಯುತ್ತಾರಂತೆ. ಇಡೀ ಮಧ್ಯಾಹ್ನ ಹೋಗುತ್ತದಂತೆ. "ಪಾರ್ಲರಿನಾಗ ಯಾರು ಅಷ್ಟೊತ್ತು ಕೂಡ್ರಸ್ತಾರ ಖಾಲಾ?" ಎಂದು ನಕ್ಕಳು. ನಮ್ಮ ಮಗಳು, ಮುಂದಿನ ಸಲ ನಾನೂ ನಿಮ್ಮೂರಿಗೆ ಬರುತ್ತೇನೆ, ಕಲಿಯುತ್ತೇನೆ ಎಂದಳು. ಮೊದಲು ನಿನ್ನ ಕತ್ತರಿ ಸಾಣೆ ಹಿಡಿಸು ಎಂದಳು ಅವಳು.